ಉಲ್ಟಾ ಬನಿಯನ್ ಮತ್ತು ಸಂಕ್ರಾಂತಿಯ ಲಂಗ

ಹೋದ ಸಂಕ್ರಾಂತಿಗೆ ನನ್ನ ತಂಗಿಯ ಮಗಳು ಎಳ್ಳು ಬೀರಲು ಮೂರು ಮನೆಗೆ ಹೋಗಿ ಬಂದಳು. ಅದರ ಹಿಂದಿನ ಸಂಕ್ರಾಂತಿಗೆ ಹೊಸಿಲು ಕೂಡ ದಾಟಿರಲಿಲ್ಲ. ಈ ಎರಡು ಹಬ್ಬಗಳ ನಡುವೆ ಏನೇನಾಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಥೆರಪಿಸ್ಟೂ ಅಲ್ಲ. ಮೈಸೂರಿನಲ್ಲಿ ಮನೆಯಲ್ಲೇ ಮಷಿನ್ ಇಟ್ಟುಕೊಂಡು 22 ವರ್ಷದಿಂದ ಬ್ಲೌಸು, ಲಂಗ, ಚೂಡಿದಾರ ಹೊಲಿಯುವವಳು. ಹುಡುಗಿಯ ಹೆಸರು ಬೇಡ. ಮನೆಯಲ್ಲಿ ಎಲ್ಲರೂ ಪುಟ್ಟಿ ಅಂತೀವಿ, ಇಲ್ಲೂ ಹಾಗೇ ಇರಲಿ.

ಪುಟ್ಟಿಗೆ ಈಗ ಏಳು ತುಂಬಿದೆ. ನಾಲ್ಕನೇ ವಯಸ್ಸಿನಲ್ಲಿ ಆಟಿಸಂ ಅಂತ ಗೊತ್ತಾಯಿತು. ಮಾತು ಕಡಿಮೆ, ಎರಡು ಮೂರು ಪದಕ್ಕೆ ಮುಗಿಯುತ್ತದೆ. ಓದು ಮಾತ್ರ ಜೋರು. ಬಿಸ್ಕತ್ ಪ್ಯಾಕೆಟ್ಟಿನ ಮೇಲಿರುವ ಸಣ್ಣ ಅಕ್ಷರವನ್ನೂ ಬಿಡುವುದಿಲ್ಲ. ವಾರಕ್ಕೆ ಎರಡು ದಿನ ಆಕ್ಯುಪೇಷನಲ್ ಥೆರಪಿಗೆ, ಅಂದರೆ ದಿನನಿತ್ಯದ ಕೆಲಸ ರೂಢಿಸುವ ತರಬೇತಿಗೆ ಹೋಗುತ್ತಾಳೆ. ಬಟ್ಟೆ ವಿಷಯಕ್ಕೆ ಬಂದರೆ ಅವಳದ್ದು ಮೂರು ಟೀ ಶರ್ಟು, ಎರಡು ಚಡ್ಡಿ, ಅಷ್ಟೇ. ಬೀರು ತುಂಬಾ ಹೊಸ ಬಟ್ಟೆ ಇದೆ. ಬೆಲೆಯ ಚೀಟಿ ಕೂಡ ಬಿಚ್ಚಿಲ್ಲ.

ನಮ್ಮ ಕಡೆ ಸಂಕ್ರಾಂತಿ ಅಂದರೆ ಹೆಣ್ಣುಮಕ್ಕಳಿಗೆ ಜರಿ ಲಂಗದ ಹಬ್ಬ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜ ಬೆರೆಸಿ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಜೊತೆಗಿಟ್ಟು ಮನೆಮನೆಗೆ ಹೋಗಬೇಕು. ಲಂಗ ಉಟ್ಟ ಮಗು ತಟ್ಟೆ ಹಿಡಿಯದಿದ್ದರೆ ನಮ್ಮಮ್ಮನಿಗೆ ಹಬ್ಬ ಆಯಿತು ಅಂತಲೇ ಅನ್ನಿಸುವುದಿಲ್ಲ.

ಪುಟ್ಟಿ ಹೊಸಿಲು ದಾಟದ ಆ ವರ್ಷದ ಲಂಗ ನಾನೇ ಹೊಲಿದದ್ದು. ಗಿಣಿಹಸಿರು ಆರ್ಟ್ ಸಿಲ್ಕು, ಗುಲಾಬಿ ಅಂಚು, ಮೈತುಂಬಾ ಬುಟ್ಟಾ. ಒಳಗೆ ಕ್ಯಾನ್‌ಕ್ಯಾನ್ ನೆಟ್ (ಗಡುಸು ಜಾಲರಿ ಬಟ್ಟೆ) ಕೊಟ್ಟು ಕೊಡೆ ಬಿಚ್ಚಿದ ಹಾಗೆ ಅರಳಿಸಿದ್ದೆ. ಫೋಟೋ ತೆಗೆದು ಗಿರಾಕಿಗಳಿಗೂ ಕಳಿಸಿದ್ದೆ, ಅಷ್ಟು ಹೆಮ್ಮೆ. ಹಬ್ಬದ ಬೆಳಿಗ್ಗೆ ಎಣ್ಣೆ ನೀರು ಮುಗಿದ ಕೂಡಲೇ, ಮೈ ಇನ್ನೂ ಹಸಿ ಇರುವಾಗಲೇ ಅದನ್ನು ತೊಡಿಸಿದೆವು. ಬೆನ್ನಿನ ಹುಕ್ ಹಾಕಿ ಮುಗಿಸುವಷ್ಟರಲ್ಲಿ ಅವಳು ಕತ್ತಿಗೆ ಕೈ ಹಾಕಿ ಎಳೆಯತೊಡಗಿದಳು. ಆಮೇಲೆ ಸೊಂಟ. ಆಮೇಲೆ ಕಿರುಚಾಟ. ಹತ್ತು ನಿಮಿಷದಲ್ಲಿ ಮಗು ಬಚ್ಚಲಮನೆಯ ಮೂಲೆಯಲ್ಲಿ, ಲಂಗ ನೆಲದ ಮೇಲೆ.

"ಹಬ್ಬದ ದಿನ ಇಷ್ಟು ಹಠ ಒಳ್ಳೇದಲ್ಲ" ಅಂತ ನಾನು ಜೋರು ಮಾಡಿದೆ. ತಂಗಿ ನನ್ನನ್ನು ಬೈಯಲಿಲ್ಲ. "ಅಕ್ಕ, ಅವಳ ಸೊಂಟ ನೋಡು" ಅಂದಳು, ಅಷ್ಟೇ. ಲಾಡಿ ಕಟ್ಟಿದ ಜಾಗದಲ್ಲಿ ಕೆಂಪು ಗೆರೆ. ಕತ್ತಿನ ಸುತ್ತ ಅವಳದ್ದೇ ಉಗುರಿನ ಗೀರು.

ಆ ಸಂಜೆ ಪುಟ್ಟಿ ಬನಿಯನ್ ಹಾಕಿಕೊಂಡು ಕೂತಿದ್ದಳು. ಉಲ್ಟಾ ಹಾಕಿಕೊಂಡಿದ್ದಳು. ತಂಗಿ ಎದ್ದು ಸರಿ ಮಾಡಿ ಹಾಕಿದಳು. ಐದು ನಿಮಿಷಕ್ಕೆ ಮತ್ತೆ ಉಲ್ಟಾ. "ಯಾವಾಗಲೂ ಹೀಗೇ, ಸಾಕ್ಸೂ ಉಲ್ಟಾನೇ ಬೇಕು ಇವಳಿಗೆ" ಅಂದಳು ತಂಗಿ. ನಾನು ಸುಮ್ನೆ ನೋಡುತ್ತಾ ಕೂತೆ. ಹೊಲಿಗೆಯ ಅಂಚು, ಓವರ್‌ಲಾಕು (ಬಟ್ಟೆಯ ಅಂಚು ಬಿಚ್ಚದಂತೆ ಸುತ್ತುವ ದಾರದ ಹೊಲಿಗೆ), ಲೇಬಲ್ಲು ಎಲ್ಲ ಈಗ ಹೊರಗಡೆ ಇದ್ದವು. ಮೈಗೆ ತಾಗುತ್ತಿದ್ದದ್ದು ನಯವಾದ ಬದಿ. ಮಗು ತನ್ನ ಕಷ್ಟಕ್ಕೆ ತಾನೇ ದಾರಿ ಹುಡುಕಿಕೊಂಡಿತ್ತು. ನಾವು ದಿನಕ್ಕೆ ನಾಲ್ಕು ಸಲ ಅದನ್ನು ಕೆಡಿಸುತ್ತಿದ್ದೆವು. ಬಟ್ಟೆ ಹೊಲಿದೇ ಬದುಕುವ ನನಗೆ ಇದು ಮೊದಲೇ ಕಾಣಬೇಕಿತ್ತು, ಅಲ್ವಾ?

ಡಾಕ್ಟರ ಹತ್ತಿರ

ಮೊದಲು ಚರ್ಮದ ಡಾಕ್ಟರಿಗೆ ತೋರಿಸಿದೆವು. ಇದನ್ನು ಯಾರೂ ಬಿಡಬಾರದು ಅಂತ ನನ್ನ ಅಭಿಪ್ರಾಯ. ಎಕ್ಸಿಮಾ (ಚರ್ಮ ಒಣಗಿ ತುರಿಸುವ ತೊಂದರೆ) ಇರುವ ಮಕ್ಕಳಿಗೂ ಬಟ್ಟೆ ಹೀಗೇ ಕಾಡುತ್ತದೆ. ಹುಕ್ಕು, ಬಟನ್ನಿನಲ್ಲಿರುವ ನಿಕ್ಕಲ್ ಲೋಹ ಕೆಲವರಿಗೆ ಅಲರ್ಜಿ. ಪಾಲಿಯೆಸ್ಟರಿಗೆ ಹಾಕುವ ಕೆಲವು ಬಣ್ಣಗಳೂ ಹಾಗೇ. ಪುಟ್ಟಿಯ ಚರ್ಮದಲ್ಲಿ ಅಂಥದ್ದೇನೂ ಕಾಣಲಿಲ್ಲ.

ಥೆರಪಿಸ್ಟ್ ಮೇಡಂ ವಿವರಿಸಿದ್ದು ನನಗೆ ಅರ್ಥವಾದ ಮಟ್ಟಿಗೆ ಇಷ್ಟು. ನಾವು ಬಟ್ಟೆ ಹಾಕಿಕೊಂಡ ಒಂದು ನಿಮಿಷಕ್ಕೆ ಅದರ ನೆನಪೇ ಇರುವುದಿಲ್ಲ. ಚರ್ಮ ಸುದ್ದಿ ಕಳಿಸುತ್ತಲೇ ಇರುತ್ತದೆ, ಮಿದುಳು ಅದನ್ನು ಪಕ್ಕಕ್ಕಿಡುತ್ತದೆ. ಕೆಲವು ಮಕ್ಕಳಿಗೆ ಹಾಗೆ ಪಕ್ಕಕ್ಕಿಡುವುದು ಆಗುವುದಿಲ್ಲ. ಹತ್ತನೇ ನಿಮಿಷದಲ್ಲೂ ಲೇಬಲ್ಲು ಮೊದಲನೇ ಸಲ ಚುಚ್ಚಿದಷ್ಟೇ ಚುಚ್ಚುತ್ತದೆ. ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್ 1960 ಮತ್ತು 70ರ ದಶಕದಲ್ಲೇ ಈ ಬಗ್ಗೆ ಕೆಲಸ ಮಾಡಿದ್ದರಂತೆ. ಆಟಿಸಂ ಗುರುತಿಸುವ ಲಕ್ಷಣಗಳ ಪಟ್ಟಿಗೆ ಸ್ಪರ್ಶ, ಶಬ್ದ, ಬೆಳಕಿಗೆ ಅತಿಯಾಗಿ ಅಥವಾ ತೀರಾ ಕಡಿಮೆ ಸ್ಪಂದಿಸುವುದನ್ನು ಸೇರಿಸಿದ್ದು 2013ರಲ್ಲಿ, ಮನೋವೈದ್ಯರು ಬಳಸುವ ಅಮೆರಿಕದ ಕೈಪಿಡಿ ಡಿಎಸ್ಎಂ-5 ಬಂದಾಗ. ಆಟಿಸಂ ಇಲ್ಲದ ಮಕ್ಕಳಲ್ಲೂ ಇಂಥ ತೊಂದರೆ ಕಾಣುತ್ತದೆ. ಆದರೆ ಅದನ್ನು ಪ್ರತ್ಯೇಕ ಕಾಯಿಲೆ ಅಂತ ಕರೆಯಬೇಕೋ ಬೇಡವೋ ಅನ್ನುವುದರಲ್ಲಿ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2012ರಲ್ಲಿ ಬೇಡ ಅಂದಿತ್ತು. ಹೆಸರೇನೇ ಇಡಲಿ, ಕತ್ತಿನ ಮೇಲಿನ ಗೀರು ನಮ್ಮ ಕಣ್ಣೆದುರಿಗೇ ಇತ್ತು.

ಮೇಡಂ ಇನ್ನೊಂದು ಮಾತು ಹೇಳಿದರು. ಅದು ಆಮೇಲೆ ಬಹಳ ಕೆಲಸಕ್ಕೆ ಬಂತು. ಗರಿ ಸವರಿದ ಹಾಗೆ ಹಗುರವಾಗಿ ತಾಗುವುದು ಇಂಥ ಮಕ್ಕಳಿಗೆ ಎಷ್ಟೋ ಸಲ ಹಿಂಸೆ, ಗಟ್ಟಿಯಾಗಿ ಒತ್ತಿದರೆ ಹಿತ. ಪುಟ್ಟಿ ದಿಂಬಿನ ಕೆಳಗೆ ಹೋಗಿ ಮಲಗುವುದು ಯಾಕೆ ಅಂತ ಆಗ ಹೊಳೆಯಿತು.

ಹಳೆ ಲಂಗದ ಒಳಗೆ

ಮನೆಗೆ ಬಂದು ಆ ಗಿಣಿಹಸಿರು ಲಂಗವನ್ನು ಒಳಗು ಹೊರಗು ಮಾಡಿ ಕಟಿಂಗ್ ಟೇಬಲ್ಲಿನ ಮೇಲೆ ಹರಡಿದೆ. ಕಣ್ಣು ಮುಚ್ಚಿ, ಮುಂಗೈಯ ಒಳಭಾಗದಿಂದ ಸವರುತ್ತಾ ಹೋದೆ. ನಾವು ಹೊಲಿಯುವವರು ಬಟ್ಟೆಯನ್ನು ಬೆರಳಿನಿಂದ ನೋಡುತ್ತೇವೆ. ನಮ್ಮ ಬೆರಳು ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿರುತ್ತವೆ. ಅವು ಸಾಕ್ಷಿಗೆ ಬರುವುದಿಲ್ಲ.

ಮೊದಲು ಸಿಕ್ಕಿದ್ದು ಬುಟ್ಟಾಗಳ ಬೆನ್ನು. ಮುಂದೆ ಹೂವಾಗಿ ಕಾಣುವ ಜರಿ ಎಳೆಯನ್ನು ಹಿಂದೆ ಕತ್ತರಿಸಿ ಬಿಟ್ಟಿರುತ್ತಾರೆ. ಒಂದೊಂದು ಬುಟ್ಟಾಕ್ಕೆ ಹತ್ತಾರು ಮೊನೆ. ಅದೂ ಪ್ಲಾಸ್ಟಿಕ್ ಜರಿ, ಅಂದರೆ ಲೋಹದ ಲೇಪ ಕೊಟ್ಟ ಪಾಲಿಯೆಸ್ಟರ್ ಹಾಳೆಯನ್ನು ಸಣ್ಣಗೆ ಸೀಳಿದ ಪಟ್ಟಿ. ಅದರ ಅಂಚೇ ಹರಿತ. ಉಣ್ಣೆ ಬಟ್ಟೆಯವರಿಗೆ ಒಂದು ಲೆಕ್ಕ ಗೊತ್ತು: ಸುಮಾರು 30 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪ ಇರುವ ಎಳೆಯ ತುದಿ ಚರ್ಮಕ್ಕೆ ತಾಗಿದರೆ ಬಗ್ಗುವುದಿಲ್ಲ, ಚುಚ್ಚುತ್ತದೆ. ತೆಳು ಎಳೆಯಾದರೆ ಬಾಗಿ ಸುಮ್ಮನಾಗುತ್ತದೆ. ಬುಟ್ಟಾದ ಬೆನ್ನಿನಲ್ಲಿ ಬಾಗುವಂಥದ್ದು ಯಾವುದೂ ಇರಲಿಲ್ಲ.

ಆಮೇಲೆ ಓವರ್‌ಲಾಕು. ನಾನು ಬಳಸಿದ್ದು ನೈಲಾನ್ ದಾರ. ಅದು ಬಾಳಿಕೆ ಬರುತ್ತದೆ, ಅಗ್ಗವೂ ಹೌದು. ಕಂಕುಳ ಹತ್ತಿರ ನಾಲ್ಕು ಹೊಲಿಗೆ ಸೇರುವ ಕಡೆ ಹುಣಸೆ ಬೀಜದಷ್ಟು ಗಂಟು. ಸೊಂಟದ ಪಟ್ಟಿಗೆ ಕ್ಯಾನ್ವಾಸ್ ಕೊಟ್ಟಿದ್ದೆ, ಅದರೊಳಗೆ ಲಾಡಿ, ಅದರ ಕೆಳಗೇ ಕ್ಯಾನ್‌ಕ್ಯಾನಿನ ಕತ್ತರಿಸಿದ ಅಂಚು. ಬೆನ್ನಿಗೆ ಐದು ಹುಕ್ಕು. ಲೈನಿಂಗು ಪಾಲಿಯೆಸ್ಟರ್. ಹತ್ತಿ ಗಾಳಿಯಿಂದಲೇ ತನ್ನ ತೂಕದ ಸುಮಾರು 8 ಪರ್ಸೆಂಟ್ ತೇವ ಹೀರಿ ಇಟ್ಟುಕೊಳ್ಳುತ್ತದೆ, ರೇಷ್ಮೆ 11 ಪರ್ಸೆಂಟ್. ಪಾಲಿಯೆಸ್ಟರ್ ಅರ್ಧ ಪರ್ಸೆಂಟೂ ಇಲ್ಲ. ಸ್ನಾನ ಮಾಡಿದ ಹಸಿ ಮೈಗೆ ಅದನ್ನು ಹಾಕಿದ್ದೆವು. ಬೆವರಿಗೂ ನೀರಿಗೂ ಹೋಗಲು ದಾರಿಯೇ ಇರಲಿಲ್ಲ.

ಒಟ್ಟು ಹದಿನಾಲ್ಕು ಕಡೆ ಚಾಕ್‌ಪೀಸಿನಿಂದ ಗುರುತು ಹಾಕಿದೆ. ಹೊರಗಡೆಯಿಂದ ನೋಡಿದರೆ ಈಗಲೂ ಚೆಂದದ ಲಂಗವೇ.

ತುಂಡು ಬಟ್ಟೆಗಳ ಡಬ್ಬಿ

ಮುಂದಿನ ಹಬ್ಬದ ಕೆಲಸ ನವೆಂಬರಿನಲ್ಲೇ ಶುರುವಾಯಿತು. ಎಂಟು ಥರದ ಬಟ್ಟೆಯಲ್ಲಿ ಗೇಣಗಲದ ತುಂಡು ಕತ್ತರಿಸಿದೆ. ಎರಡು ಬಿಸ್ಕತ್ ಡಬ್ಬಿ ಇಟ್ಟು, ಒಂದರ ಮೇಲೆ "ಬೇಕು", ಇನ್ನೊಂದರ ಮೇಲೆ "ಬೇಡ" ಅಂತ ಬರೆದೆ. ಓದುವ ಹುಡುಗಿ ತಾನೇ. ಒಂದು ದಿನಕ್ಕೆ ಎರಡೇ ತುಂಡು. ಕೈಗೆ ಕೊಟ್ಟು ನಾವು ಸುಮ್ಮನಿರುವುದು. ಎರಡನೇ ದಿನವೇ ಗೊತ್ತಾಯಿತು, ಕೈಯಲ್ಲಿ ಹಿಡಿದು "ಬೇಕು" ಅಂದ ಬಟ್ಟೆ ಕತ್ತಿಗೆ ತಾಗಿದರೆ "ಬೇಡ". ಆಮೇಲೆ ಕತ್ತಿನ ತೀರ್ಪನ್ನೇ ಬರೆದಿಟ್ಟೆ.

ನಾನು ಅಂದುಕೊಂಡದ್ದು ಹೆಚ್ಚುಕಡಿಮೆ ಎಲ್ಲ ತಲೆಕೆಳಗಾಯಿತು. ತೆಳು ಹತ್ತಿಯ ಮಲ್ ಬಟ್ಟೆಗಿಂತ ಮೃದು ಯಾವುದಿದೆ? ಕೂಸುಗಳಿಗೆ ಅದನ್ನೇ ಹೊಲಿಯುತ್ತೇವೆ. ಪುಟ್ಟಿ ಅದನ್ನು ಬೆಂಕಿ ಮುಟ್ಟಿದವಳ ಹಾಗೆ ಎಸೆದಳು. ಹಗುರ ಬಟ್ಟೆ ಮೈಮೇಲೆ ಓಡಾಡುತ್ತದೆ, ಕಚಗುಳಿ. ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ) ಬೇಡ. ಹೊಸ ಕೈಮಗ್ಗದ ಹತ್ತಿ ಬೇಡ. ಅದೇ ಹತ್ತಿಯನ್ನು ಗಂಜಿ ಬಿಡುವ ತನಕ ಐದು ಸಲ ಒಗೆದು ಕೊಟ್ಟರೆ ಬೇಕು. ಬನಿಯನ್ ಮಾಡುವ ಹೊಸಿಯರಿ ಹತ್ತಿಯನ್ನಂತೂ ಕೆನ್ನೆಗೆ ಒತ್ತಿಕೊಂಡು ಕೂತಳು, ವಾಪಸ್ಸೇ ಕೊಡಲಿಲ್ಲ.

ಕೊನೆಯದು ನಮ್ಮಮ್ಮನ ಸೀರೆ. ಪುಟ್ಟಿಗೋಸ್ಕರ ತನ್ನ ಹಳೇ ಮೈಸೂರು ರೇಷ್ಮೆ ಸೀರೆ ಕೊಡುತ್ತೇನೆ ಅಂತ ಅಮ್ಮ ತಾನಾಗಿಯೇ ಹೇಳಿದಳು. 1912ರಲ್ಲಿ ಶುರುವಾದ ಮೈಸೂರಿನ ಸರ್ಕಾರಿ ರೇಷ್ಮೆ ಕಾರ್ಖಾನೆಯ ಸೀರೆ ಅದು. ಅಸಲಿ ಜರಿ, ಅದರಲ್ಲಿ 65 ಪರ್ಸೆಂಟ್ ಬೆಳ್ಳಿ, 0.65 ಪರ್ಸೆಂಟ್ ಚಿನ್ನ. ಪುಟ್ಟಿ ಮೂಸಿ "ಬೇಡ" ಡಬ್ಬಿಗೆ ಹಾಕಿದಳು. ಅಮ್ಮನ ಮುಖ ಸಣ್ಣಗಾಯಿತು. ನನಗೆ ಅನುಮಾನ ಬಂತು, ಯಾಕೆಂದರೆ ಅವಳು ಅದನ್ನು ಕತ್ತಿಗೆ ತಾಗಿಸಿಯೇ ಇರಲಿಲ್ಲ. ನುಸಿಗುಳಿಗೆಯ ವಾಸನೆ! ಸೀರೆಯನ್ನು ಅಂಟುವಾಳದ ನೀರಿನಲ್ಲಿ ಒಗೆದು, ನೆರಳಿನಲ್ಲಿ ನಾಲ್ಕು ದಿನ ಗಾಳಿಗೆ ಹಾಕಿದೆ. ಮತ್ತೆ ಕೊಟ್ಟಾಗ ಮೈಭಾಗ "ಬೇಕು" ಆಯಿತು. ಅಂಚು "ಬೇಡ"ವೇ. ದುಬಾರಿ ಜರಿಯಾದರೇನು, ಹಳೆಯದಾಗಿ ಒಳಗಿನ ರೇಷ್ಮೆ ಎಳೆ ಸವೆದರೆ ಲೋಹದ ತಂತಿ ಹೊರಗೆ ಬರುತ್ತದೆ.

ಕತ್ತರಿಸಿದ್ದು, ಹೊಲಿದದ್ದು

ಒಂದು ಲಂಗ ಬ್ಲೌಸಿಗೆ ನನಗೆ ಒಂದು ದಿನ ಸಾಕು. ಇದಕ್ಕೆ ಒಂಬತ್ತು ಸಂಜೆ ಹಿಡಿಯಿತು.

ಸೊಂಟಕ್ಕೆ ಏನೂ ಕಟ್ಟಬಾರದು ಅನ್ನುವುದು ಮೊದಲ ತೀರ್ಮಾನ. ಮೊದಲೆಲ್ಲ ಚಿಕ್ಕ ಹುಡುಗಿಯರಿಗೆ ಮೇಲೆ ಬನಿಯನ್ ಥರ ಬಾಡಿ ಇರುವ ಪೆಟಿಕೋಟು ಹೊಲಿಯುತ್ತಿದ್ದೆವು, ಅದೇ ನೆನಪಾಯಿತು. ಹೊಸಿಯರಿ ಬಟ್ಟೆಯಲ್ಲಿ ತೋಳಿಲ್ಲದ ಬಾಡಿ ಮಾಡಿ, ಹೊಲಿಗೆಯ ಅಂಚುಗಳೆಲ್ಲ ಹೊರಗಡೆ ಬರುವಂತೆ ಹೊಲಿದೆ. ಅಂದರೆ ಪುಟ್ಟಿಯ ಉಲ್ಟಾ ಬನಿಯನ್ನೇ. ನೆರಿಗೆ ಹಿಡಿದ ರೇಷ್ಮೆಯನ್ನು ಅದಕ್ಕೇ ಹೊರಗಿನಿಂದ ಜೋಡಿಸಿದೆ. ಲಂಗದ ಭಾರ ಹೆಗಲ ಮೇಲೆ ಬರುತ್ತದೆ, ಸೊಂಟ ಖಾಲಿ. ಹೊಸಿಯರಿ ಬಟ್ಟೆ ತೂಕಕ್ಕೆ ಜಗ್ಗುತ್ತದೆ. ಅದಕ್ಕೆ ಹೆಗಲಿಗೂ ನೆರಿಗೆ ಕೂಡಿದ ಕಡೆಗೂ ತೆಳುವಾದ ಹತ್ತಿ ಪಟ್ಟಿ ಕೊಟ್ಟೆ, ಅದೂ ಹೊರಗಿನಿಂದಲೇ. ಮೇಲೆ ಬ್ಲೌಸು ಬರುವುದರಿಂದ ಯಾವುದೂ ಕಾಣುವುದಿಲ್ಲ.

ಇಷ್ಟು ಬಟ್ಟೆ ಮುಖದ ಮೇಲಿಂದ ಇಳಿದರೆ ಅವಳು ಹೆದರುತ್ತಾಳೆ. ಕಾಲಿನ ಕಡೆಯಿಂದ ಏರಿಸಿಕೊಳ್ಳುವಂತೆ ಕತ್ತನ್ನು ಅಗಲ ಮಾಡಿದೆ. ಬಟ್ಟೆ ಹಿಗ್ಗುವುದರಿಂದ ಅದು ಸಾಧ್ಯವಾಯಿತು. ಲೈನಿಂಗಿಗೆ ಒಗೆದು ಮೆತ್ತಗಾದ ಹತ್ತಿ, ಎಲ್ಲ ಕಡೆ ಹತ್ತಿ ದಾರ. ಜರಿ ಅಂಚು ಲಂಗದ ಕೆಳಗೆ ಮಾತ್ರ, ಅದರ ಬೆನ್ನಿಗೂ ಹತ್ತಿ ಪಟ್ಟಿ ಮುಚ್ಚಿದೆ. ಬ್ಲೌಸಿನ ತೋಳನ್ನು ಬೇರೆ ಕತ್ತರಿಸಿ ಜೋಡಿಸಲಿಲ್ಲ. ಮೈಭಾಗದ ಜೊತೆಗೇ ಕತ್ತರಿಸಿದೆ, ಕಂಕುಳಲ್ಲಿ ಗಂಟೇ ಬರಲಿಲ್ಲ. ಹುಕ್ಕಿನ ಬದಲು ಮುಂದುಗಡೆ ಒತ್ತಿ ಹಾಕುವ ಟಿಚ್ ಬಟನ್, ಲೋಹ ಮೈಗೆ ತಾಗದ ಹಾಗೆ ಅಡಿಗೆ ಬಟ್ಟೆ. ವೆಲ್ಕ್ರೊ ಹಾಕು ಅಂತ ಯಾರೋ ಹೇಳಿದ್ದರು. ಅದರ ಪರ್ ಅನ್ನುವ ಸದ್ದಿಗೇ ಪುಟ್ಟಿ ಕಿವಿ ಮುಚ್ಚಿಕೊಂಡಳು.

ಒಂದು ತಪ್ಪನ್ನೂ ಹೇಳಬೇಕು. ಒತ್ತಡ ಹಿತ ಅಂದರಲ್ಲ ಅಂತ ಮೊದಲ ಬಾಡಿಯನ್ನು ಬಿಗಿಯಾಗಿ ಹೊಲಿದುಬಿಟ್ಟೆ. ಪುಟ್ಟಿಗೆ ಖುಷಿಯೋ ಖುಷಿ, ಬಿಚ್ಚಲೇ ಒಪ್ಪಲಿಲ್ಲ. ಸಂಜೆ ನೋಡಿದರೆ ಪಕ್ಕೆಯಲ್ಲಿ ಹೊಲಿಗೆಯ ಅಚ್ಚು. ಮೇಡಂ ಬೈದರು. ಬಿಗಿ ಬಟ್ಟೆಯನ್ನು ಅವರನ್ನು ಕೇಳದೆ ಗಂಟೆಗಟ್ಟಲೆ ಹಾಕುವುದಾಗಲೀ, ಅದರಲ್ಲೇ ಮಲಗಿಸುವುದಾಗಲೀ ಕೂಡದು ಅಂದರು. ಬಿಚ್ಚಿ, ಒಂದು ಇಂಚು ಸಡಿಲ ಬಿಟ್ಟು ಹೊಸದು ಹೊಲಿದೆ.

ಡಿಸೆಂಬರ್ ನಡುವಿನಿಂದ ಅಭ್ಯಾಸ. ನೆರಿಗೆ ಜೋಡಿಸುವ ಮುಂಚೆ ಬಾಡಿಯನ್ನು ಬರೀ ಬನಿಯನ್ನಿನ ಹಾಗೆ ಹತ್ತು ದಿನ ಹಾಕಿಸಿದೆವು. ಆಮೇಲೆ ಪೂರ್ತಿ ಲಂಗ, ಚಕ್ಕುಲಿ ತಿಂದು ಮುಗಿಸುವ ತನಕ. ಪ್ರತಿ ಸಲ ಮನೆಯ ಸೋಪಿನಲ್ಲೇ ಒಗೆತ, ವಾಸನೆಯ ಕಂಫರ್ಟ್ ಗಿಂಫರ್ಟ್ ಯಾವುದೂ ಇಲ್ಲ. ಕ್ಯಾಲೆಂಡರಿನಲ್ಲಿ ಲಂಗದ ಚಿತ್ರ ಬರೆದು, ದಿನ ಎಣಿಸಿದೆವು. ಮೊಗ್ಗಿನ ಜಡೆಯ ಮಾತನ್ನು ಅಮ್ಮ ತಾನೇ ಕೈಬಿಟ್ಟಳು. ಮಲ್ಲಿಗೆಯ ವಾಸನೆ ಪುಟ್ಟಿಗೆ ಆಗದು, ಕನಕಾಂಬರಕ್ಕೆ ವಾಸನೆಯೇ ಇಲ್ಲ. ಅದನ್ನೇ ಕತ್ತಿಗೆ ತಾಗದಂತೆ ಮೇಲೆತ್ತಿ ಮುಡಿಸುವುದು ಅಂತಾಯಿತು. ವಿಚಿತ್ರ ಅಂದರೆ ಗೆಜ್ಜೆ. ನಾವ್ಯಾರೂ ಅದರ ಸುದ್ದಿಗೇ ಹೋಗಿರಲಿಲ್ಲ. ನನ್ನ ಹಳೇ ಭಾರದ ಕಾಲ್ಗೆಜ್ಜೆ ಕಂಡು ತಾನೇ ಕಾಲು ಚಾಚಿದಳು.

ಹಬ್ಬದ ದಿನ

ಸ್ನಾನ ಬೆಳಿಗ್ಗೆ ಏಳಕ್ಕೆ. ಲಂಗ ಒಂಬತ್ತಕ್ಕೆ. ನಡುವೆ ಎರಡು ಗಂಟೆ ಹಳೇ ಟೀ ಶರ್ಟು, ಮೈ ಚೆನ್ನಾಗಿ ಆರಲಿ ಅಂತ. ಕಾಲು ತಾನೇ ಹಾಕಿದಳು, ಬಾಡಿ ತಾನೇ ಎಳೆದುಕೊಂಡಳು. ಬಟನ್ ಮಾತ್ರ ತಂಗಿ ಒತ್ತಿದಳು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಾತಾಡಿದರೆ ಎಲ್ಲಿ ಕೆಡುತ್ತದೋ ಅಂತ ಉಸಿರೂ ಬಿಡಲಿಲ್ಲ.

ಹನ್ನೊಂದು ಮನೆಗೆ ಹೋಗಬೇಕಿತ್ತು. ಹೋದದ್ದು ಮೂರು. ಮೊದಲನೆಯದರಲ್ಲಿ ತಟ್ಟೆ ಕೊಟ್ಟು, ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಪೂರ್ತಿ ಓದಿದಳು. ಎರಡನೆಯದರಲ್ಲಿ ಆ ಮನೆಯವರು ಪ್ರೀತಿಯಿಂದಲೇ ಗಲ್ಲ ಹಿಡಿದು, ಸೆರಗಿನಿಂದ ಮುಖ ಒರೆಸಲು ಹೋದರು. ಪುಟ್ಟಿ ಹಿಂದೆ ಸರಿದಳು. "ಏನಮ್ಮಾ, ದೊಡ್ಡೋರಿಗೆ ಮುಖ ತಿರುಗಿಸ್ತೀಯಾ?" ಅಂತ ಕೇಳಿಸಿಕೊಂಡದ್ದೂ ಆಯಿತು. ಅಂಥ ಕೈಗಳಿಗೆ ಯಾವ ಲೈನಿಂಗ್ ಹೊಲಿಯಲಿ? ಮೂರನೇ ಮನೆಯಲ್ಲಿ ಲಂಗವನ್ನು ಮಂಡಿಯ ತನಕ ಸುತ್ತಿಕೊಂಡು ಕೂತಳು. "ಮನೆಗೆ" ಅಂದಳು. ತಂಗಿಯ ಬ್ಯಾಗಿನಲ್ಲಿ ಹಳೇ ಟೀ ಶರ್ಟು, ಚಡ್ಡಿ ಇತ್ತು, ಆದರೆ ಬೇಕಾಗಲಿಲ್ಲ. ಮನೆಗೆ ಬಂದ ಮೇಲೇ ಬಿಚ್ಚಿದಳು. ಒಟ್ಟು ನಲವತ್ತು ನಿಮಿಷ. ಸೊಂಟದಲ್ಲಿ, ಕತ್ತಿನಲ್ಲಿ ಒಂದು ಗೆರೆಯೂ ಇರಲಿಲ್ಲ. ಮಿಕ್ಕ ಎಂಟು ಮನೆಗೆ ನಾನು ಹೋಗಿ ಬಂದೆ.

ಕೆಳಗಿನ ಅಂಚು ಇನ್ನೂ ಬಗೆಹರಿದಿಲ್ಲ. ನಿಂತಾಗ ತೊಂದರೆಯಿಲ್ಲ, ಚಕ್ಕಮಕ್ಕಳ ಹಾಕಿ ಕೂತರೆ ಅದು ಮಡಚಿ ಕಾಲಿನ ಹಿಂಭಾಗಕ್ಕೆ ತಾಗುತ್ತದೆ. ಅದಕ್ಕೇ ಸುತ್ತಿಕೊಂಡಿದ್ದು. ಒಳಗೆ ಮೈಗಂಟಿದ ಹೊಸಿಯರಿ ಲೆಗ್ಗಿಂಗ್ಸ್ ಹಾಕಿ ನೋಡಬೇಕು. ಆಗದಿದ್ದರೆ ಅಂಚನ್ನು ತೆಗೆದು, ಜರಿಯ ಬದಲು ಬಣ್ಣದ ಪಟ್ಟಿ ಕೊಡುವುದು. ಅಮ್ಮ ಅದಕ್ಕೂ ಒಪ್ಪಿದ್ದಾಳೆ, ಒಂದು ಬೆರಳಗಲವಾದರೂ ಜರಿ ಕಾಣಲಿ ಅನ್ನುವ ಕರಾರಿನ ಮೇಲೆ. ಉದ್ದಕ್ಕೆ ಮೂರು ಇಂಚು ಮಡಿಕೆ ಒಳಗಿದೆ. ಬಾಡಿಯನ್ನು ಮಾತ್ರ ಪ್ರತಿ ವರ್ಷ ಹೊಸದಾಗಿ ಹೊಲಿಯಬೇಕಾಗುತ್ತದೆ.

ಡಬ್ಬಿಗಳು ಈಗಲೂ ನನ್ನ ಮಷಿನ್ ಪಕ್ಕದಲ್ಲೇ ಇವೆ. ಪುಟ್ಟಿ ಬಂದಾಗಲೆಲ್ಲ ಟೇಬಲ್ಲಿನ ಮೇಲಿರುವ ಬಟ್ಟೆಗಳನ್ನು ಒಂದೊಂದಾಗಿ ಕತ್ತಿಗೆ ಒತ್ತಿ ನೋಡಿ ವಿಂಗಡಿಸುತ್ತಾಳೆ. ಗಿರಾಕಿಗಳ ಬಟ್ಟೆ ಅಂತೇನೂ ಭೇದ ಇಲ್ಲ. ಹೋದ ವಾರ ನಾನೇ ನನಗೆ ಅಂತ ತಂದಿಟ್ಟಿದ್ದ ಜರಿ ಬ್ಲೌಸ್ ಪೀಸು "ಬೇಡ" ಡಬ್ಬಿಗೆ ಬಿತ್ತು. ಅದನ್ನು ಇನ್ನೂ ಕತ್ತರಿಸಿಲ್ಲ.